ಯಾರೂ ನೋಡದ ಪಂದ್ಯಗಳಿಗೆ ಮೊದಲ ಸ್ಥಾನ ಕೊಡಬಹುದಾ?

ಮಿಡಲ್‌ವೇಟ್‌ನಲ್ಲಿ, ಅಂದರೆ 160 ಪೌಂಡ್ (ಸುಮಾರು 72.5 ಕೆಜಿ) ಮಿತಿಯ ತೂಕದ ವಿಭಾಗದಲ್ಲಿ, ಎಲ್ಲ ಕಾಲಕ್ಕೂ ದೊಡ್ಡ ಬಾಕ್ಸರ್ ಯಾರು ಅಂತ ಕೇಳಿ ನೋಡಿ. ಅರ್ಧ ಜನ ಶುಗರ್ ರೇ ರಾಬಿನ್ಸನ್ ಅನ್ನುತ್ತಾರೆ, ಉಳಿದವರಲ್ಲಿ ಬಹಳಷ್ಟು ಜನ ಹ್ಯಾರಿ ಗ್ರೆಬ್ ಅನ್ನುತ್ತಾರೆ. ತಮಾಷೆ ಏನೆಂದರೆ ಗ್ರೆಬ್‌ನ ಒಂದೇ ಒಂದು ಪಂದ್ಯದ ಫಿಲ್ಮ್ ಕೂಡ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿರುವುದು ತಾಲೀಮಿನ ಕೆಲವು ನಿಮಿಷ ಮಾತ್ರ, ಅದರಲ್ಲಿ ಅವನು ಚೆಂಡಾಡುತ್ತಾನೆ, ನಗುನಗುತ್ತಾ ಯಾರದೋ ಜೊತೆ ಸುಮ್ನೆ ಕೈ ಆಡಿಸುತ್ತಾನೆ. ಅಷ್ಟೇ.

ಮತ್ತೆ ಅವನ ಹೆಸರು ಇಷ್ಟು ಮೇಲೆ ಹೇಗೆ ಬಂತು? ಅದಕ್ಕೆ ಆ ಕಾಲದ ಕಾನೂನು ಗೊತ್ತಿರಬೇಕು. 1910ರ ದಶಕದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಬಾಕ್ಸಿಂಗ್ ನಡೆಸಬಹುದಿತ್ತು, ಆದರೆ ಗೆದ್ದವರು ಯಾರು ಅಂತ ಘೋಷಿಸುವ ಹಾಗಿರಲಿಲ್ಲ. ಬಿದ್ದವನು ಹತ್ತು ಎಣಿಸುವಷ್ಟರಲ್ಲಿ ಏಳದೆ ನಾಕೌಟ್ ಆದರೆ ಸರಿ, ಇಲ್ಲದಿದ್ದರೆ ಫಲಿತಾಂಶವೇ ಇಲ್ಲ. ಬಾಜಿ ಕಟ್ಟಿದವರು ಬಿಡ್ತಾರಾ? ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿ, ರಿಂಗ್ ಪಕ್ಕ ಕೂತಿದ್ದ ವರದಿಗಾರ ಯಾರು ಗೆದ್ದ ಅಂತ ಬರೆದಿದ್ದಾನೋ ಅದನ್ನೇ ನಂಬಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಗ್ರೆಬ್ ಆಡಿದ್ದು ಸುಮಾರು 300 ಪಂದ್ಯ, 1919 ಒಂದೇ ವರ್ಷದಲ್ಲಿ 45. ಅವುಗಳಲ್ಲಿ ಹೆಚ್ಚಿನವು ಇಂಥವೇ. ಅಂದರೆ ನಾವು ಗ್ರೆಬ್‌ಗೆ ಕೊಡುವ ಅಂಕದಲ್ಲಿ ಬಹುಪಾಲು ಹಳೇ ಪತ್ರಿಕೆಗಳ ಅಂಕ.

ಆದರೂ ಒಂದು ಪಂದ್ಯವನ್ನು ಯಾರೂ ತಳ್ಳಿಹಾಕಲು ಆಗಲ್ಲ. 1922ರ ಮೇ 23, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಿಗಿದ್ದದ್ದು ಜೀನ್ ಟನಿ, ಮುಂದೆ ಜ್ಯಾಕ್ ಡೆಂಪ್ಸಿಯನ್ನೇ ಸೋಲಿಸಿ ಎಲ್ಲಕ್ಕಿಂತ ಭಾರದ ವಿಭಾಗವಾದ ಹೆವಿವೇಟ್‌ನಲ್ಲಿ ಚಾಂಪಿಯನ್ ಆದವನು. ಗ್ರೆಬ್‌ಗಿಂತ ಐದಾರು ಕೆಜಿ ಜಾಸ್ತಿ ತೂಕ. ಮೊದಲ ಸುತ್ತಿನಲ್ಲೇ ಟನಿಯ ಮೂಗು ಮುರಿಯಿತು, ಆಮೇಲೆ 15 ಸುತ್ತು ಮುಗಿಯುವವರೆಗೂ ಅವನು ತನ್ನ ರಕ್ತ ತಾನೇ ನುಂಗುತ್ತಾ ನಿಂತಿದ್ದ. ಟನಿ ಇಡೀ ವೃತ್ತಿಯಲ್ಲಿ ಸೋತದ್ದು ಅದೊಂದೇ ಸಲ. ಆಮೇಲಿನ ಪಂದ್ಯಗಳಲ್ಲಿ ಟನಿ ಸೇಡು ತೀರಿಸಿಕೊಂಡ, ಅದನ್ನೂ ಹೇಳಬೇಕು. ಆದರೆ ಗ್ರೆಬ್‌ಗೆ ವೃತ್ತಿಯ ಕೊನೆಯ ವರ್ಷಗಳಲ್ಲಿ ಒಂದು ಕಣ್ಣು ಕಾಣಿಸುತ್ತಿರಲಿಲ್ಲ, ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡೇ ಆಡುತ್ತಿದ್ದ. 1923ರಲ್ಲಿ ಮಿಡಲ್‌ವೇಟ್ ಪಟ್ಟ ಗೆದ್ದ, 1926ರಲ್ಲಿ ಟೈಗರ್ ಫ್ಲವರ್ಸ್‌ಗೆ ಸೋತ, ಅದೇ ವರ್ಷ ಆಪರೇಷನ್ ಒಂದರ ನಂತರ ತೀರಿಕೊಂಡ. 32 ವರ್ಷ.

ಗ್ರೆಬ್‌ಗಿಂತ ಹಿಂದಿನ ತಲೆಮಾರಿನ ಬಾಕ್ಸರ್‌ಗಳನ್ನು ಮೆಚ್ಚುವವರಿಗೆ ಗ್ರೆಬ್ ಕೂಡ ಎಲ್ಲರಿಗಿಂತ ದೊಡ್ಡವನಲ್ಲ. 'ದಿ ರಿಂಗ್' ಅನ್ನುವ ಬಾಕ್ಸಿಂಗ್ ಪತ್ರಿಕೆ ಶುರುಮಾಡಿದ ನ್ಯಾಟ್ ಫ್ಲೈಷರ್ ತನ್ನ ಮಿಡಲ್‌ವೇಟ್ ಪಟ್ಟಿಯಲ್ಲಿ ಮೊದಲು ಇಟ್ಟದ್ದು ಸ್ಟ್ಯಾನ್ಲಿ ಕೆಚೆಲ್‌ನನ್ನು. 1909ರಲ್ಲಿ ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್‌ನನ್ನೇ ಕೆಳಗೆ ಕೆಡವಿ, ಕೆಲವೇ ಕ್ಷಣಗಳಲ್ಲಿ ತಾನೂ ನಾಕೌಟ್ ಆದವನು, ಮರುವರ್ಷ 24ಕ್ಕೇ ಗುಂಡೇಟಿಗೆ ಬಲಿಯಾದವನು. ಈಗ ಕೆಚೆಲ್‌ಗೆ ಮೊದಲ ಸ್ಥಾನ ಅಂದರೆ ಜನ ನಗುತ್ತಾರೆ. ನಮ್ಮ ಕಡೆ 'ನಮ್ಮ ಕಾಲದಲ್ಲಿ' ಅಂತ ಶುರುಮಾಡುವ ಹಿರಿಯರು ಇರುತ್ತಾರಲ್ಲ, ಫ್ಲೈಷರ್‌ದೂ ಅದೇ ಕಥೆ ಅಂತ ನನಗನ್ನಿಸುತ್ತದೆ.

ರಾಬಿನ್ಸನ್ ವಿಷಯದಲ್ಲಿ ತೊಡಕು ಬೇರೆ. ಅವನು ಟಿವಿ ಕಾಲದವನು, ಹೇಗೆ ಆಡಿದ ಅಂತ ನಾವೇ ನೋಡಬಹುದು. 1957ರ ಮೇ 1ರಂದು ಶಿಕಾಗೋದಲ್ಲಿ ಜೀನ್ ಫುಲ್ಮರ್‌ಗೆ ಐದನೇ ಸುತ್ತಿನಲ್ಲಿ ಬಾರಿಸಿದ ಎಡಗೈ ಹುಕ್ ನೋಡಿ. ಹಿಂದಕ್ಕೆ ಸರಿಯುತ್ತಲೇ ಬಂದ ಒಂದೇ ಗುದ್ದು. ಅಲ್ಲಿಯವರೆಗೆ ಯಾರೂ ಮಲಗಿಸಲಾಗದ ಫುಲ್ಮರ್ ಎಣಿಕೆ ಮುಗಿದರೂ ಏಳಲಿಲ್ಲ. ರಾಬಿನ್ಸನ್‌ಗೆ ಆಗ 36 ತುಂಬಲು ಎರಡೇ ದಿನ ಬಾಕಿ. ಐದು ಸಲ ಮಿಡಲ್‌ವೇಟ್ ಪಟ್ಟ ಗೆದ್ದ ನಿಜ, ಐದು ಸಲ ಗೆಲ್ಲಬೇಕಾದರೆ ನಡುವೆ ಕಳೆದುಕೊಂಡಿರಲೇಬೇಕು ಅಲ್ವಾ? ಟರ್ಪಿನ್, ಫುಲ್ಮರ್, ಬೆಸಿಲಿಯೊ, ಎಲ್ಲರಿಗೂ ಸೋತಿದ್ದಾನೆ. ಅವನ ನಿಜವಾದ ಉತ್ತುಂಗ 1940ರ ದಶಕದಲ್ಲಿ, 147 ಪೌಂಡ್‌ನ ವೆಲ್ಟರ್‌ವೇಟ್‌ನಲ್ಲಿ. ಜೇಕ್ ಲಮೊಟ್ಟಾನನ್ನು ಸೋಲಿಸಿ 160 ಪೌಂಡ್‌ನ ಪಟ್ಟ ಹಿಡಿದಾಗಲೇ ಅವನಿಗೆ 29 ದಾಟಿತ್ತು.

ಇದೆಲ್ಲ ತಲೆನೋವೇ ಬೇಡ, ಎಷ್ಟು ಸಲ ಪಟ್ಟ ಉಳಿಸಿಕೊಂಡ ಅಂತ ಎಣಿಸಿಬಿಡೋಣ ಅನ್ನುವವರೂ ಇದ್ದಾರೆ. ಹಾಗೆ ಎಣಿಸಿದರೆ ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೋನ್ 14, ಮಾರ್ವಿನ್ ಹ್ಯಾಗ್ಲರ್ 12, ಬರ್ನಾರ್ಡ್ ಹಾಪ್ಕಿನ್ಸ್ 20. ಆದರೆ ಹಾಪ್ಕಿನ್ಸ್ ಕಾಲಕ್ಕೆ ಒಂದೇ ತೂಕದಲ್ಲಿ ಬೇರೆ ಬೇರೆ ಸಂಸ್ಥೆಗಳು ಕೊಡುವ ಮೂರು ನಾಲ್ಕು ಪಟ್ಟ, ಅಂದರೆ ಬೆಲ್ಟ್, ಅವನು 2001ರವರೆಗೆ ಕಾಯ್ದದ್ದು ಅದರಲ್ಲಿ ಒಂದನ್ನು. ತೂಕ ಹಾಕುವುದೂ ಬದಲಾಗಿದೆ. ಮೊದಲು ಪಂದ್ಯದ ದಿನವೇ ತೂಕ, ಈಗ ಹಿಂದಿನ ದಿನ. ನೀರು ಬಿಟ್ಟು, ಬೆವರಿಳಿಸಿ 160 ತೋರಿಸಿ, ಮರುದಿನ 170 ದಾಟಿ ರಿಂಗ್‌ಗೆ ಇಳಿಯುತ್ತಾರೆ. ಪಟ್ಟದ ಪಂದ್ಯ 15 ಸುತ್ತಿನಿಂದ 12ಕ್ಕೆ ಇಳಿಯಿತು. ಹ್ಯಾಗ್ಲರ್ 1987ರಲ್ಲಿ ಶುಗರ್ ರೇ ಲೆನಾರ್ಡ್‌ಗೆ ಸೋತದ್ದು 12 ಸುತ್ತಿನಲ್ಲಿ, ಅದೂ ಒಬ್ಬ ಜಡ್ಜ್ ಹ್ಯಾಗ್ಲರ್‌ಗೇ ಕೊಟ್ಟಿದ್ದ. ಇನ್ನೂ ಮೂರು ಸುತ್ತು ಇದ್ದಿದ್ದರೆ? ಈ ಪ್ರಶ್ನೆ ಎತ್ತಿದರೆ ರಾತ್ರಿಯಿಡೀ ಜಗಳ ಗ್ಯಾರಂಟಿ.

ನನ್ನ ಲೆಕ್ಕದಲ್ಲಿ ಗ್ರೆಬ್ ಮೊದಲು, ಹ್ಯಾಗ್ಲರ್ ಎರಡು, ಮೊನ್ಸೋನ್ ಮೂರು, ರಾಬಿನ್ಸನ್ ನಾಲ್ಕು. ಮೊನ್ಸೋನ್ ಸಂಗಾತಿಯನ್ನು ಕೊಂದು ಜೈಲಿಗೆ ಹೋದವನು, ಆ ಹೆಸರು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಇದು ರಿಂಗ್ ಒಳಗಿನ ಪಟ್ಟಿ. ಒಟ್ಟಾರೆ ಬಾಕ್ಸರ್ ಅಂದರೆ ರಾಬಿನ್ಸನ್‌ಗಿಂತ ಮೇಲೆ ಯಾರನ್ನೂ ಇಡಲ್ಲ, ನೆನಪಿರಲಿ. ಗ್ರೆಬ್‌ನನ್ನು ಮೇಲಿಟ್ಟದ್ದು ಎದುರಾಳಿಗಳನ್ನು ನೋಡಿ: ತನಗಿಂತ ಭಾರದವರು, ಕಪ್ಪು ಬಾಕ್ಸರ್‌ಗಳು, ಯಾರನ್ನೂ ಬೇಡ ಅಂದವನಲ್ಲ.

ಇನ್ನು ಚಾರ್ಲಿ ಬರ್ಲಿಯನ್ನು ಎಲ್ಲಿಡಬೇಕು ಅನ್ನುವುದು ಮಾತ್ರ ನನಗೆ ಬಗೆಹರಿದಿಲ್ಲ. ಅವನೂ ಗ್ರೆಬ್‌ನ ಊರು ಪಿಟ್ಸ್‌ಬರ್ಗ್‌ನಲ್ಲೇ ಇದ್ದವನು. ತಾನು ಎದುರಿಸಿದವರಲ್ಲಿ ಇವನೇ ಎಲ್ಲರಿಗಿಂತ ಮೇಲು ಅಂತ ಲೈಟ್ ಹೆವಿವೇಟ್ ಚಾಂಪಿಯನ್ ಆಗಿದ್ದ ಆರ್ಚಿ ಮೂರ್ ಹೇಳುತ್ತಿದ್ದ. 1940ರ ದಶಕದಲ್ಲಿ ಕಪ್ಪು ಬಾಕ್ಸರ್‌ಗಳಲ್ಲಿ ಎಷ್ಟೋ ಜನರನ್ನು ಚಾಂಪಿಯನ್‌ಗಳು ಹತ್ತಿರ ಸೇರಿಸಲಿಲ್ಲ, ಬರ್ಲಿಗೂ ವಿಶ್ವ ಪಟ್ಟಕ್ಕೆ ಆಡುವ ಅವಕಾಶ ಒಮ್ಮೆಯೂ ಸಿಗಲಿಲ್ಲ. ಕೊನೆಗೆ ಅವನು ಅದೇ ಊರಿನಲ್ಲಿ ಕಸದ ಲಾರಿಯ ಕೆಲಸಕ್ಕೆ ಸೇರಿದ.