ಫ್ಲೈ ಲೈನಿಗೆ ಬ್ಯಾಕಿಂಗ್ ಎಷ್ಟು, ಯಾವ ಗಂಟು: ಕಲಿಯುವವರಿಗೊಂದು ಟಿಪ್ಪಣಿ

ಫ್ಲೈ ಫಿಶಿಂಗ್ (ಹುಳದಂತೆ ಕಟ್ಟಿದ ಹಗುರ ಗಾಳ, ಅಂದರೆ ಫ್ಲೈ, ಬೀಸಿ ಮೀನು ಹಿಡಿಯುವುದು) ಕಲಿಯಲು ಹೊರಟವರು ಮೊದಲು ನೋಡುವುದು ರಾಡ್ ಬೀಸುವ ವಿಡಿಯೊ. ರೀಲಿಗೆ ದಾರ ತುಂಬುವ ಕೆಲಸ ಅಂಗಡಿಯವರದು ಎಂದು ಆ ವಿಡಿಯೊಗಳಲ್ಲಿ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮಗೆ ರೀಲು ಒಂದು ಡಬ್ಬಿಯಲ್ಲಿ, ಲೈನ್ ಇನ್ನೊಂದರಲ್ಲಿ, ಬ್ಯಾಕಿಂಗ್ (ಲೈನಿನ ಹಿಂದೆ ಕಟ್ಟುವ ದಾರ) ಮತ್ತೊಂದರಲ್ಲಿ ಕೊರಿಯರ್‌ನಲ್ಲಿ ಬರುತ್ತವೆ. ಜೋಡಿಸುವುದು ನಮ್ಮ ತಲೆನೋವು. ಈ ಟಿಪ್ಪಣಿ ಅದಕ್ಕಷ್ಟೇ. ಬೀಸುವುದು, ಫ್ಲೈ ಆರಿಸುವುದು ಇದರಲ್ಲಿ ಇಲ್ಲ.

ರೀಲಿನಿಂದ ಮೀನಿನ ಕಡೆಗೆ ಸಾಲು ಹೀಗಿದೆ. ರೀಲಿನ ನಡುವೆ ಒಂದು ದಿಂಡು, ಅದಕ್ಕೆ ಆರ್ಬರ್ ಅನ್ನುತ್ತಾರೆ. ಆರ್ಬರ್‌ಗೆ ಬ್ಯಾಕಿಂಗ್, ಬ್ಯಾಕಿಂಗಿಗೆ ಫ್ಲೈ ಲೈನ್, ಲೈನಿಗೆ ಲೀಡರ್ (ಮುಂದಕ್ಕೆ ಸಪೂರವಾಗುತ್ತ ಹೋಗುವ ಪಾರದರ್ಶಕ ದಾರ), ಲೀಡರಿಗೆ ಟಿಪ್ಪೆಟ್ (ಕೊನೆಯ ಸಣ್ಣ ದಾರ), ಟಿಪ್ಪೆಟ್ ತುದಿಯಲ್ಲಿ ಫ್ಲೈ. ಒಟ್ಟು ಐದು ಗಂಟು. ಮೊದಲ ಎರಡನ್ನು ಒಮ್ಮೆ ಕಟ್ಟಿದರೆ ವರ್ಷಗಟ್ಟಲೆ ಮುಟ್ಟುವುದಿಲ್ಲ. ಕೊನೆಯ ಎರಡನ್ನು ದಿನಕ್ಕೆ ಹತ್ತು ಸಲ ಕಟ್ಟುತ್ತೇವೆ. ಹಾಗಾಗಿ ಕೊನೆಯವು ತಾವಾಗೇ ಕೈಗೆ ಬರುತ್ತವೆ. ಮೊದಲ ಎರಡಕ್ಕೆ ಅಭ್ಯಾಸವೇ ಸಿಗುವುದಿಲ್ಲ.

ಮೂರು ಅಂಕಿ, ಮೂರು ಲೆಕ್ಕ

ಇದನ್ನು ಮೊದಲು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನದೆಲ್ಲ ಗೋಜಲು. ಲೈನಿನ ಮೇಲಿರುವ 5 ಅಥವಾ 8 ತೂಕದ ಅಂಕಿ. ಲೈನಿನ ಮೊದಲ 30 ಅಡಿಯನ್ನು ತೂಗಿ ಕೊಡುವ ಅಂಕಿ ಅದು. 5 ಅಂದರೆ 140 ಗ್ರೇನ್, ಸುಮಾರು 9 ಗ್ರಾಂ. 8 ಅಂದರೆ 210 ಗ್ರೇನ್, ಸುಮಾರು 13.6 ಗ್ರಾಂ. ಎಷ್ಟು ಎಳೆದರೆ ತುಂಡಾಗುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬ್ಯಾಕಿಂಗ್ ಮೇಲಿನ 20, 30 ಪೌಂಡ್ ಮಾತ್ರ ನಿಜವಾದ ಗಟ್ಟಿತನ. ಟಿಪ್ಪೆಟ್ ಮೇಲಿನ ಎಕ್ಸ್ ಉಲ್ಟಾ: ಅಂಕಿ ಜಾಸ್ತಿಯಾದಷ್ಟೂ ದಾರ ಸಣ್ಣ. 11ರಲ್ಲಿ ಆ ಅಂಕಿ ಕಳೆಯಿರಿ, ಬಂದದ್ದು ಇಂಚಿನ ಸಾವಿರದ ಭಾಗಗಳಲ್ಲಿ ದಾರದ ದಪ್ಪ. 5ಎಕ್ಸ್ ಅಂದರೆ 11ರಲ್ಲಿ 5 ಕಳೆದು 6, ಅಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್.

20 ಪೌಂಡೇ ಯಾಕೆ?

ಟ್ರೌಟ್‌ಗೆ ಹಾಕುವ 5ಎಕ್ಸ್ ನೈಲಾನ್ ಟಿಪ್ಪೆಟ್ 5 ಪೌಂಡ್ ಆಸುಪಾಸಿನಲ್ಲಿ ಹರಿಯುತ್ತದೆ. ಮೀನು ಅದಕ್ಕಿಂತ ಜೋರಾಗಿ ಎಳೆಯಲಾರದು, ಎಳೆದರೆ ಟಿಪ್ಪೆಟ್ಟೇ ಹೋಗುತ್ತದೆ. ಹಾಗಿದ್ದ ಮೇಲೆ ಹಿಂದೆ 20 ಪೌಂಡ್ ಬ್ಯಾಕಿಂಗ್ ಯಾಕೆ, 10 ಪೌಂಡ್ ಸಾಲದಾ?

ಮೀನನ್ನು ಬಿಟ್ಟು ಲೈನಿನ ಕಡೆಯಿಂದ ನೋಡಿದರೆ ಉತ್ತರ ಸಿಗುತ್ತದೆ. ಫ್ಲೈ ಲೈನಿನ ಒಳಗೆ ಒಂದು ನೂಲಿನ ತಿರುಳಿದೆ, ಹೊರಗೆ ಸಾಮಾನ್ಯವಾಗಿ ಪಿವಿಸಿ ಲೇಪ. ಆ ತಿರುಳಿನ ಗಟ್ಟಿತನವೇ ಸಾಧಾರಣವಾಗಿ 20ರಿಂದ 30 ಪೌಂಡ್. ಇಡೀ ಸಾಲಿನಲ್ಲಿ ದುಬಾರಿ ದಾರ ಇದೇ. ಬ್ಯಾಕಿಂಗ್ ಅದಕ್ಕಿಂತ ತುಂಬಾ ದುರ್ಬಲವಾಗಿದ್ದು, ಲೈನು ಬಂಡೆಯ ಸಂದಿಗೆ ಸಿಕ್ಕಿಕೊಂಡಾಗ ಕೈಯಲ್ಲಿ ಹಿಡಿದು ಎಳೆದರೆ, ಹರಿಯುವುದು ಹಿಂದೆ. ಲೈನು ಪೂರ್ತಿ ಹೊಳೆಪಾಲು. ಸಾಲು ಹರಿಯಲೇಬೇಕಾದರೆ ಫ್ಲೈ ಹತ್ತಿರ ಹರಿಯಬೇಕು. ಅದಕ್ಕೇ ಹಿಂದಕ್ಕೆ ಹೋದಷ್ಟೂ ಗಟ್ಟಿ ಇರಬೇಕು ಎಂಬ ನಿಯಮ. ಗಂಟು ಆರಿಸುವಾಗಲೂ ಇದೇ ನಿಯಮ ನೆನಪಿರಲಿ.

ಇನ್ನೊಂದು ಕಾರಣ ದಪ್ಪ. ಆರ್ಬರ್ ವ್ಯಾಸ ಬರೀ 3 ಸೆಂಟಿಮೀಟರ್ ಇದ್ದರೆ ಹಿಡಿಯ ಒಂದು ಸುತ್ತಿಗೆ 9.4 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ. ಬ್ಯಾಕಿಂಗ್ ತುಂಬಿ 6 ಸೆಂಟಿಮೀಟರ್ ಮಾಡಿದರೆ ಅದೇ ಒಂದು ಸುತ್ತಿಗೆ 18.8. ಮೀನು ನಮ್ಮ ಕಡೆಗೇ ಓಡಿ ಬಂದಾಗ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಜೊತೆಗೆ ದೊಡ್ಡ ಸುತ್ತಿನಲ್ಲಿ ಕುಳಿತ ಲೈನು ಸ್ಪ್ರಿಂಗಿನಂತೆ ಸುರುಳಿ ಕಟ್ಟುವುದೂ ಕಡಿಮೆ. ಸಣ್ಣ ತೊರೆಯ ಟ್ರೌಟು ಬ್ಯಾಕಿಂಗ್ ಕಾಣುವಷ್ಟು ದೂರ ಓಡುವುದೇ ಅಪರೂಪ. ಅಲ್ಲಿ ಬ್ಯಾಕಿಂಗಿಗೆ ಇರುವ ದೊಡ್ಡ ಕೆಲಸ ಜಾಗ ತುಂಬುವುದು.

ಡಾಕ್ರಾನ್ ಅಥವಾ ಜೆಲ್‌ಸ್ಪನ್

ಡಾಕ್ರಾನ್ ಅಂದರೆ ಹೆಣೆದ ಪಾಲಿಯೆಸ್ಟರ್. ಅಗ್ಗ, ಮೆತ್ತಗೆ, ಗಂಟು ಚೆನ್ನಾಗಿ ಹಿಡಿಯುತ್ತದೆ. ಜೆಲ್‌ಸ್ಪನ್ ಪಾಲಿಎಥಿಲೀನ್ ಅಷ್ಟೇ ಗಟ್ಟಿತನಕ್ಕೆ ಬಹಳ ಸಪೂರ, ಹಾಗಾಗಿ ಅದೇ ರೀಲಿಗೆ ಎಷ್ಟೋ ಜಾಸ್ತಿ ಉದ್ದ ಹಿಡಿಸುತ್ತದೆ. ಆದರೆ ನುಣುಪು. ಆರ್ಬರ್ ಮೇಲೆ ಇಡೀ ಸುತ್ತೇ ಜಾರಿ ತಿರುಗುತ್ತದೆ. ಸಡಿಲವಾಗಿ ಸುತ್ತಿದರೆ ಮೇಲಿನ ಎಳೆ ಕೆಳಗಿನದರೊಳಗೆ ಹೂತುಕೊಂಡು, ಮೀನು ಓಡುವಾಗ ಗಕ್ಕನೆ ನಿಲ್ಲುತ್ತದೆ. ಓಡುವ ದಾರಕ್ಕೆ ಬೆರಳು ಕೊಟ್ಟರೆ ಕೊಯ್ಯುತ್ತದೆ. ಸಮುದ್ರದಲ್ಲಿ ದೂರ ಓಡುವ ಮೀನಿಗೆ ಹೊರಟವರು ಇದನ್ನು ಕೊಳ್ಳಲಿ. ಕಲಿಯುವವರಿಗೆ, 5 ನಂಬರ್ ರೀಲಿಗೆ, 20 ಪೌಂಡ್ ಡಾಕ್ರಾನ್ ಸಾಕು. ಸುಮ್ನೆ ದುಡ್ಡು ಜಾಸ್ತಿ ಕೊಡಬೇಡಿ.

8 ನಂಬರ್ ಯೋಚಿಸುವವರ ತಲೆಯಲ್ಲಿ ಸಾಮಾನ್ಯವಾಗಿ ಮಾಹ್ಸೀರ್ ಇರುತ್ತದೆ, ನಮ್ಮ ಬಿಳಿ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ 54 ಕೆಜಿ. ಅಂಥದ್ದು ಫ್ಲೈಗೆ ಬೀಳುತ್ತದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಆದರೆ 4 ಕೆಜಿಯದೂ ಸೆಳವಿನ ಜೊತೆ ಇಳಿನೀರಿಗೆ ಓಡುತ್ತದೆ, ಲೈನಿನ 27 ಮೀಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಇಲ್ಲಿ ಬ್ಯಾಕಿಂಗ್ ನಿಜವಾಗಿ ದುಡಿಯಬೇಕು: 30 ಪೌಂಡ್, 150ರಿಂದ 200 ಗಜ. ಕಾವೇರಿಯ ಗೂನುಬೆನ್ನಿನ ಮಾಹ್ಸೀರ್ 2018ರಿಂದ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನ ಗುಂಪಿನಲ್ಲಿದೆ. ಗಾಳಿಬೋರೆ, ಭೀಮೇಶ್ವರಿ ಕಡೆ ವನ್ಯಧಾಮದೊಳಗಿನ ಗಾಳದ ಶಿಬಿರಗಳು ನಿಂತುಹೋಗಿವೆ. ಹಾಗಾಗಿ ಈ ರೀಲು ಹಿಮಾಲಯದ ಹೊಳೆಗಳ ಚಿನ್ನದ ಮಾಹ್ಸೀರ್‌ಗೆ, ಅದೂ ಅನುಮತಿ ಇರುವ ಕಡೆ, ಹಿಡಿದು ಬಿಡುವುದಕ್ಕೆ. ಬಿಡುವ ಮೀನಿಗೆ ಟಿಪ್ಪೆಟ್ ತೀರಾ ಸಣ್ಣ ಇರಬಾರದು. ಗಂಟೆಗಟ್ಟಲೆ ಆಡಿಸಿ ಸುಸ್ತು ಮಾಡಿ ಬಿಟ್ಟರೆ ಬಿಟ್ಟೂ ಪ್ರಯೋಜನವಿಲ್ಲ.

ಎಷ್ಟು ಹಿಡಿಸುತ್ತದೆ: ತಲೆಕೆಳಗು ಸುತ್ತು

ರೀಲಿನ ಡಬ್ಬಿ ಮೇಲೆ 'ಡಬ್ಲ್ಯೂಎಫ್5, 100 ಗಜ, 20 ಪೌಂಡ್' ಎಂದು ಇರುತ್ತದೆ. ಡಬ್ಲ್ಯೂಎಫ್ ಅಂದರೆ ವೇಟ್ ಫಾರ್ವರ್ಡ್, ತೂಕವೆಲ್ಲ ಮುಂಭಾಗದಲ್ಲಿರುವ ಲೈನ್. 100 ಗಜ ಅಂದರೆ 91 ಮೀಟರ್. ಇದು ಅಂದಾಜು ಮಾತ್ರ. ಎರಡೂ ತುದಿ ಸಪೂರವಾಗುವ ಡಬಲ್ ಟೇಪರ್ ಲೈನಾದರೆ ಹೆಚ್ಚು ಜಾಗ ತಿನ್ನುತ್ತದೆ. ನೀವು ಬಿಗಿಯಾಗಿ ಸುತ್ತುತ್ತೀರೋ ಸಡಿಲವಾಗೋ, ಅದೂ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಲೈನ್ ಮತ್ತು ರೀಲಿನ ಅಡ್ಡಕಂಬಿ ನಡುವೆ ಸುಮಾರು 6 ಮಿಲಿಮೀಟರ್ ಖಾಲಿ ಉಳಿಯಬೇಕು. ಅದನ್ನು ಮೊದಲೇ ತಿಳಿಯುವ ಉಪಾಯ ಎಲ್ಲ ಕಡೆ ಇದೆ: ಲೈನನ್ನು ಮೊದಲು ಸುತ್ತಿ, ಅದರ ಮೇಲೆ ಬ್ಯಾಕಿಂಗ್ ಸುತ್ತಿ, ಅಂಚಿನಿಂದ 6 ಮಿಲಿಮೀಟರ್ ಬಿಟ್ಟು ಕತ್ತರಿಸಿ, 'ಆಮೇಲೆ ತಿರುಗಿಸಿ ಸುತ್ತಿ' ಅನ್ನುತ್ತಾರೆ. ಆ ಕೊನೆಯ ಮಾತಿನಲ್ಲೇ ಇರುವುದು ಕಷ್ಟ. ನಿಧಾನವಾಗಿ ನೋಡೋಣ.

ನಮಗೆ ಬೇಕಾದದ್ದು: ಒಳಗೆ ಬ್ಯಾಕಿಂಗ್, ಹೊರಗೆ ಲೈನ್, ತೀರಾ ಹೊರಗೆ ಲೈನಿನ ಮುಂತುದಿ. ಪರೀಕ್ಷೆಗೆ ಸುತ್ತಿರುವುದು ಇದರ ಉಲ್ಟಾ: ಮುಂತುದಿ ತೀರಾ ಒಳಗೆ, ಬ್ಯಾಕಿಂಗ್ ಹೊರಗೆ. ಲೈನಿನ ಒಂದು ತುದಿಗೆ 'ದಿಸ್ ಎಂಡ್ ಟು ರೀಲ್' ಎಂಬ ಚೀಟಿ ಅಂಟಿಸಿರುತ್ತಾರೆ. ಪರೀಕ್ಷೆಯಲ್ಲಿ ಆ ಚೀಟಿಯ ತುದಿ ಬ್ಯಾಕಿಂಗಿನ ಕಡೆ ಬರಬೇಕು. ಈಗ ಇದನ್ನು ಒಂದು ಖಾಲಿ ಉರುಳೆಗೆ ಸುತ್ತಿ ತೆಗೆದರೆ ಕ್ರಮ ಒಮ್ಮೆ ತಿರುಗುತ್ತದೆ, ಉರುಳೆಯ ಮೇಲೆ ಎಲ್ಲ ನಮಗೆ ಬೇಕಾದ ಹಾಗೆ ಕಾಣುತ್ತದೆ. ಅಲ್ಲೇ ಮೋಸ. ಅದನ್ನು ರೀಲಿಗೆ ವಾಪಸ್ ಸುತ್ತಿದರೆ ಇನ್ನೊಮ್ಮೆ ತಿರುಗಿ ಮತ್ತೆ ಮೊದಲಿನ ಉಲ್ಟಾಕ್ಕೇ ಬಂದು ನಿಲ್ಲುತ್ತದೆ. ಪ್ರತಿ ವರ್ಗಾವಣೆಯೂ ಕ್ರಮವನ್ನು ಒಮ್ಮೆ ತಿರುಗಿಸುತ್ತದೆ, ಹಾಗಾಗಿ ವರ್ಗಾವಣೆ ಬೆಸ ಸಂಖ್ಯೆಯಲ್ಲಿರಬೇಕು. ರೀಲಿನಿಂದ ಮೊದಲ ಉರುಳೆಗೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ರೀಲಿಗೆ. ಮೂರು. ಲೈನ್ ಬಂದ ಉರುಳೆ, ಬ್ಯಾಕಿಂಗ್ ಬಂದ ಉರುಳೆ ಎಸೆಯದೆ ಇಟ್ಟಿದ್ದರೆ ಇದಕ್ಕೆ ಆಯಿತು. ಅಥವಾ ಮೈದಾನದಲ್ಲಿ ಪೂರ್ತಿ ಬಿಚ್ಚಿ ಹಾಸಿ, ಬ್ಯಾಕಿಂಗ್ ತುದಿಯಿಂದ ಸುತ್ತಿಕೊಂಡು ಬನ್ನಿ. 27 ಮತ್ತು 91 ಸೇರಿ 118 ಮೀಟರ್ ಜಾಗ ಬೇಕು, ನಾಯಿ, ಹುಡುಗರು ಇಲ್ಲದ ಹೊತ್ತು ನೋಡಿ.

ನನಗೆ ಇಷ್ಟವಾದ ದಾರಿ ಬೇರೆ. ರೀಲಿಗೆ ಅದೇ ಅಳತೆಯ ಹೆಚ್ಚುವರಿ ಸ್ಪೂಲ್ (ದಾರ ಸುತ್ತಿಕೊಳ್ಳುವ ಒಳಗಿನ ಚಕ್ರ) ಇದ್ದರೆ, ಅಥವಾ ಗೆಳೆಯರ ಹತ್ತಿರ ಅದೇ ರೀಲು ಇದ್ದರೆ, ಪರೀಕ್ಷೆಯನ್ನು ಅದರ ಮೇಲೆ ಮಾಡಿ. ಅಲ್ಲಿಂದ ನಮ್ಮ ಸ್ಪೂಲಿಗೆ ಒಂದೇ ವರ್ಗಾವಣೆ. ಒಂದು ಬೆಸ ಸಂಖ್ಯೆ ತಾನೆ, ಕೆಲಸ ಮುಗಿಯಿತು.

ಪರೀಕ್ಷೆಯಲ್ಲಿ ಲೈನಿನ ಮುಂತುದಿಯನ್ನು ದಿಂಡಿಗೆ ಬರೀ ಟೇಪಿನಿಂದ ಹಿಡಿಸಿ, ಗಂಟು ಹಾಕಬೇಡಿ. ಲೈನ್ ಮತ್ತು ಬ್ಯಾಕಿಂಗ್ ನಡುವೆ ಮಾತ್ರ ನಿಜವಾದ ಗಂಟನ್ನೇ ಕಟ್ಟಿಬಿಡಿ. ತಿರುಗಿಸಿದರೂ ಆ ಜೋಡಣೆ ಹಾಗೇ ಇರುತ್ತದೆ.

ಆರ್ಬರ್ ಗಂಟು

ಇದು ನಮ್ಮ ಜೀರುಗುಣಿಕೆಯೇ. ಬ್ಯಾಕಿಂಗನ್ನು ದಿಂಡಿಗೆ ಒಂದು ಸುತ್ತು ಹಾಕಿ, ತುದಿಯಿಂದ ಉದ್ದದ ದಾರದ ಮೇಲೆ ಒಂದು ಸಾದಾ ಗಂಟು. ಅದೇ ತುದಿಗೆ ಇನ್ನೊಂದು ಸಾದಾ ಗಂಟು. ಎಳೆದರೆ ಎರಡನೆಯದು ಮೊದಲನೆಯದಕ್ಕೆ ಒತ್ತಿ ನಿಲ್ಲುತ್ತದೆ. ಜೆಲ್‌ಸ್ಪನ್ ಆದರೆ ದಿಂಡಿನ ಮೇಲೆ ಮೊದಲು ಒಂದು ತುಂಡು ಟೇಪ್ ಅಂಟಿಸಿ. ಯಾವ ಕೈಯಲ್ಲಿ ತಿರುಗಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ, ಉಲ್ಟಾ ಸುತ್ತಿದರೆ ಡ್ರ್ಯಾಗ್ (ಮೀನು ಎಳೆಯುವಾಗ ರೀಲು ಕೊಡುವ ತಡೆ) ತಪ್ಪು ದಿಕ್ಕಿಗೆ ಹಿಡಿಯುತ್ತದೆ.

ನೇಲ್ ನಾಟ್, ಎಡ ಬಲ ಸಮೇತ

ಬ್ಯಾಕಿಂಗ್ ಸಪೂರ, ಲೈನ್ ದಪ್ಪ ಮತ್ತು ಮೆತ್ತಗೆ. ದಪ್ಪನೆಯದನ್ನು ಮಡಚದೆ, ಸಪೂರದ್ದನ್ನು ಅದರ ಸುತ್ತ ಸುತ್ತಿ ಲೇಪದೊಳಗೆ ಕಚ್ಚಿಸುವುದು ಈ ಗಂಟಿನ ಉಪಾಯ. ಹೆಸರಿಗೆ ಮೊಳೆ, ಕೈಗೆ ಅನುಕೂಲ ಕೊಳವೆ. ಒಳಗೆ ಪೊಳ್ಳಿರುವ ಇಯರ್‌ಬಡ್ ಕಡ್ಡಿಯ ಹತ್ತಿ ಕಿತ್ತು 4 ಸೆಂಟಿಮೀಟರ್ ಕತ್ತರಿಸಿದರೆ ಆಯಿತು. ಕೊಳವೆ ಸಪೂರವಿದ್ದಷ್ಟೂ ಒಳ್ಳೆಯದು, ತೆಗೆದಾಗ ಸುತ್ತು ಜಾಸ್ತಿ ಸಡಿಲವಾಗುವುದಿಲ್ಲ.

ಲೈನು ಎಡದಿಂದ ಬಂದು ಅದರ ತುದಿ ಬಲಕ್ಕೆ ಇರಲಿ. ಪಕ್ಕಕ್ಕೆ ಕೊಳವೆ ಇಟ್ಟು ಎಡಗೈಯಲ್ಲಿ ಎರಡನ್ನೂ ಚಿವುಟಿ ಹಿಡಿಯಿರಿ. ಬ್ಯಾಕಿಂಗ್ ಬಲದಿಂದ ಬರಲಿ, ಕೊಳವೆಯ ಉದ್ದಕ್ಕೂ ಎಡಕ್ಕೆ ಹೋಗಲಿ. ಎಡಗಡೆ ಒಂದು ಗೇಣಿಗಿಂತ ಜಾಸ್ತಿ ತುದಿ ಉಳಿದಿರಬೇಕು. ಈಗ ಆ ತುದಿಯನ್ನು ಹಿಂದಕ್ಕೆ ಮಡಚಿ, ಕೊಳವೆ, ಲೈನ್, ಬ್ಯಾಕಿಂಗ್ ಮೂರನ್ನೂ ಸೇರಿಸಿ ಸುತ್ತುತ್ತಾ ಬಲಕ್ಕೆ ಬನ್ನಿ. ಏಳು ಸುತ್ತು. ಬಳೆ ತೊಟ್ಟ ಹಾಗೆ ಒಂದರ ಪಕ್ಕ ಒಂದು, ಒಂದರ ಮೇಲೊಂದು ಹತ್ತಬಾರದು.

ತುದಿ ಈಗ ಬಲಗಡೆ ಇದೆ. ಅದನ್ನು ಕೊಳವೆಯ ಬಲಬಾಯಿಂದ ತೂರಿಸಿ ಎಡಬಾಯಿಂದ ತೆಗೆಯಿರಿ. ಅಂದರೆ ತುದಿ ಎಲ್ಲ ಸುತ್ತುಗಳ ಹೊಟ್ಟೆಯೊಳಗೆ ಹಾದು, ಸುತ್ತು ಶುರುವಾದ ಕಡೆಗೇ ವಾಪಸ್ ಬಂತು. ತುದಿ ಲೈನಿನ ಜೊತೆ ಎಡಕ್ಕೆ ಹೊರಬರಬೇಕು, ಉದ್ದದ ಬ್ಯಾಕಿಂಗ್ ಬಲಕ್ಕೆ. ಎರಡೂ ಒಂದೇ ಕಡೆ ಕಂಡರೆ ಬಿಚ್ಚಿ ಮತ್ತೆ ಮಾಡಿ, ಅದು ಈ ಗಂಟಲ್ಲ.

ಇನ್ನು ಕೈ ಸೋಲುವ ಹಂತ. ಕೊಳವೆ ತೆಗೆಯುವಾಗ ಸುತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಎಡಗೈಯ ಹೆಬ್ಬೆರಳು, ತೋರುಬೆರಳು ಏಳೂ ಸುತ್ತುಗಳನ್ನು ಪೂರ್ತಿ ಮುಚ್ಚಿರಲಿ, ಅರ್ಧವಲ್ಲ. ಕೊಳವೆಯನ್ನು ಇನ್ನೂ ಮುಟ್ಟಬೇಡಿ. ಮೊದಲು ತುದಿಯನ್ನು ನಿಧಾನ ಎಡಕ್ಕೆ ಎಳೆದು ಸುತ್ತು ಕೊಳವೆಯ ಮೇಲೇ ಸ್ವಲ್ಪ ಬಿಗಿಯಾಗಲು ಬಿಡಿ. ಆಮೇಲೆ ಕೊಳವೆಯನ್ನು ಎಡಕ್ಕೇ ಜಾರಿಸಿ ತೆಗೆಯಿರಿ, ಅದು ತುದಿಯ ದಾರದ ಮೇಲೆ ಹಾಗೇ ಜಾರಿ ಹೊರಗೆ ಬರುತ್ತದೆ. ಚಿವುಟು ಬಿಡದೆ ತುದಿ ಒಮ್ಮೆ, ಬ್ಯಾಕಿಂಗ್ ಒಮ್ಮೆ, ಹೀಗೆ ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ಈಗ ಬೆರಳು ತೆರೆದು ನೋಡಿ. ಸುತ್ತು ಅಡ್ಡಾದಿಡ್ಡಿ ಇದ್ದರೆ ಉಗುರಿನಿಂದ ಸರಿಪಡಿಸಲು ಇದೇ ಕೊನೆಯ ಅವಕಾಶ. ಸರಿಯಿದ್ದರೆ ಎಂಜಲು ಹಚ್ಚಿ ಎರಡೂ ಕಡೆ ಜೋರಾಗಿ ಎಳೆಯಿರಿ. ಸುತ್ತುಗಳು ಲೇಪದೊಳಗೆ ಇಳಿದದ್ದು ಕಣ್ಣಿಗೆ ಕಾಣುತ್ತದೆ. ಕೊನೆಗೆ ಲೈನ್ ಮತ್ತು ಬ್ಯಾಕಿಂಗ್ ಹಿಡಿದು ಎಳೆದು ಪರೀಕ್ಷಿಸಿ, ತುದಿಗಳನ್ನು ಒತ್ತಿ ಕತ್ತರಿಸಿ.

ಜೆಲ್‌ಸ್ಪನ್‌ಗೆ ಇದು ಬೇಡ, ಲೇಪವನ್ನೇ ಕೊಯ್ದೀತು. ಅದಕ್ಕೆ ಕುಣಿಕೆಗೆ ಕುಣಿಕೆ ಜೋಡಿಸಿ. ಬ್ಯಾಕಿಂಗಿನ ಕುಣಿಕೆ ಜೋಡಿ ಎಳೆಯದಾಗಿದ್ದರೆ ಒತ್ತಡ ಹಂಚಿಹೋಗುತ್ತದೆ, ಮತ್ತು ಲೈನಿನ ಇಡೀ ಸುರುಳಿ ತೂರುವಷ್ಟು ದೊಡ್ಡದಿದ್ದರೆ ಮುಂದೆ ಲೈನ್ ಬದಲಿಸಲು ಸುಲಭ. ಬಿಗಿಸಿದ ಮೇಲೆ ಎರಡೂ ಕುಣಿಕೆ ಒಂದನ್ನೊಂದು ಸಮವಾಗಿ ಹಿಡಿದಿರಬೇಕು. ಒಂದೇ ಕುಣಿಕೆ ಇನ್ನೊಂದರ ಕುತ್ತಿಗೆ ಬಿಗಿದಂತೆ ಕಂಡರೆ ಸಡಿಲಿಸಿ ಕೂರಿಸಿ.

ಉಳಿದ ಗಂಟುಗಳು

ಲೈನಿನ ಮುಂತುದಿಯಲ್ಲಿ ಈಗ ಸಾಮಾನ್ಯವಾಗಿ ಕಾರ್ಖಾನೆಯ ಕುಣಿಕೆ ಬಂದೇ ಇರುತ್ತದೆ, ಲೀಡರಿನ ಕುಣಿಕೆ ಹಾಕಿದರೆ ಸಾಕು. ಲೀಡರ್ ಮತ್ತು ಟಿಪ್ಪೆಟ್ ದಪ್ಪದಲ್ಲಿ ತುಂಬಾ ಬೇರೆ ಇದ್ದರೆ ಸರ್ಜನ್ಸ್ ನಾಟ್, ಮೂರು ಸಲ ತೂರಿಸಿ. ಹತ್ತಿರ ಹತ್ತಿರ ಇದ್ದರೆ ಬ್ಲಡ್ ನಾಟ್ ಚೆನ್ನ, ನೇರ ಕೂರುತ್ತದೆ. ಫ್ಲೈಗೆ ಇಂಪ್ರೂವ್ಡ್ ಕ್ಲಿಂಚ್, ಐದು ಸುತ್ತು. ಎಲ್ಲಕ್ಕೂ ಬಿಗಿಸುವ ಮುಂಚೆ ಎಂಜಲು. ಒಣಗಿದ್ದಾಗ ಬಿಗಿಸಿದರೆ ಉಜ್ಜಿದ ಬಿಸಿಗೇ ದಾರ ಸೊರಗುತ್ತದೆ.

ರೀಲು ತುಂಬಿದ ಮೇಲೆ ಬ್ಯಾಕಿಂಗ್ ಗಂಟನ್ನು ರಾಡ್ ತುದಿಯ ಉಂಗುರ, ಅಂದರೆ ಗೈಡ್‌ನಲ್ಲಿ ಎರಡೂ ದಿಕ್ಕಿಗೆ ಎಳೆದು ನೋಡಿ. ಟಕ್ ಎಂದು ಸಿಕ್ಕಿಕೊಂಡರೆ ಬಗ್ಗುವ ಜಾತಿಯ ಅಂಟನ್ನು ಗಂಟಿನ ಮೇಲೆ ತೆಳ್ಳಗೆ ಸವರಿ ಒಣಗಿಸಿ. ಆಮೇಲೂ ಸಿಕ್ಕಿಕೊಂಡರೆ ಕತ್ತರಿಸಿ ಹೊಸದಾಗಿ ಕಟ್ಟಿ. ಲೈನಿನಲ್ಲಿ ಮೂರು ಸೆಂಟಿಮೀಟರ್ ಹೋದರೂ ಚಿಂತೆಯಿಲ್ಲ, ಅದು ಹಿಂತುದಿ. ಮುಂತುದಿಯನ್ನು ಮಾತ್ರ ಹಾಗೆ ಧಾರಾಳವಾಗಿ ಕತ್ತರಿಸಬೇಡಿ, ಲೈನು ಸಪೂರವಾಗುತ್ತ ಹೋಗುವ ಟೇಪರ್ ಇರುವುದು ಅಲ್ಲಿ.