ನಮ್ಮನ್ನು ಬೈದು ಗೆದ್ದವರಿಗೂ ಅಭಿನಂದನೆ ಯಾಕೆ?

ಪ್ರಶ್ನೆ: ಪಕ್ಕದ ದೇಶದಲ್ಲಿ ಭಾರತದ ವಿರುದ್ಧವೇ ಪ್ರಚಾರ ಮಾಡಿ ಗೆದ್ದವರಿಗೂ ನಮ್ಮ ಪ್ರಧಾನಿ ಮಾರನೇ ದಿನವೇ ಅಭಿನಂದನೆ ಹೇಳುತ್ತಾರಲ್ಲ, ಯಾಕೆ? ಸುಮ್ನೆ ಇದ್ದರೆ ಏನಾಗುತ್ತೆ?

ಈ ಪ್ರಶ್ನೆ ಜಾಸ್ತಿ ಬರುವುದು ಮಾಲ್ಡೀವ್ಸ್ ವಿಷಯಕ್ಕೆ. ಅಲ್ಲಿಂದಲೇ ಶುರು ಮಾಡೋಣ.

2023ರ ಸೆಪ್ಟೆಂಬರ್ 30ರಂದು ಅಲ್ಲಿ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತು ನಡೆಯಿತು. ರಾಜಧಾನಿ ಮಾಲೆಯ ಮೇಯರ್ ಆಗಿದ್ದ ಮೊಹಮದ್ ಮುಯಿಝು ಶೇ 54ರಷ್ಟು ಮತ ಪಡೆದು ಆಗಿನ ಅಧ್ಯಕ್ಷ ಇಬ್ರಾಹಿಂ ಸೋಲಿಹ್ ಅವರನ್ನು ಸೋಲಿಸಿದರು. ಸೋಲಿಹ್ ಭಾರತಕ್ಕೆ ಆಪ್ತರು. ಮುಯಿಝು ಬಣದ್ದು ‘ಇಂಡಿಯಾ ಔಟ್’ ಘೋಷಣೆ. ಅಕ್ಟೋಬರ್ 1ರಂದೇ ನರೇಂದ್ರ ಮೋದಿ ಎಕ್ಸ್‌ನಲ್ಲಿ ಮುಯಿಝು ಅವರಿಗೆ ಅಭಿನಂದನೆ ಹೇಳಿದರು.

ಚುಟುಕಾಗಿ ಹೇಳುವುದಾದರೆ, ಅಭಿನಂದನೆ ಕುರ್ಚಿಗೆ. ಅದರಲ್ಲಿ ಕೂತವರು ನಮಗೆ ಇಷ್ಟವೋ ಇಲ್ಲವೋ ಅನ್ನುವುದು ಬೇರೆ ಮಾತು. ಹುಡುಗ ಇಷ್ಟವಿಲ್ಲದಿದ್ದರೂ ನೆಂಟರ ಮದುವೆಗೆ ಹೋಗಿ ಮುಯ್ಯಿ ಮಾಡಿ ಬರುತ್ತೇವೆ, ಅಲ್ವಾ? ನಾಳೆ ಅವರ ಜೊತೆಗೇ ಬಾಳಬೇಕು. ಮಾಲ್ಡೀವ್ಸ್ ಅಂತೂ ನಮ್ಮ ಲಕ್ಷದ್ವೀಪದ ಮಿನಿಕಾಯ್‌ಗೆ ತೀರಾ ಹತ್ತಿರ. ಅಲ್ಲಿ ಯಾರು ಗೆದ್ದರೂ ಸಮುದ್ರ ಅದೇ, ಹಡಗುಗಳು ಓಡಾಡುವ ದಾರಿಯೂ ಅದೇ.

ಆದರೆ ಎಲ್ಲ ಅಭಿನಂದನೆಯೂ ಒಂದೇ ತೂಕದ್ದಲ್ಲ. ಅದೇ ಮಾಲ್ಡೀವ್ಸ್‌ನ ಹಿಂದಿನ ಚುನಾವಣೆ ನೋಡಿ. 2018ರ ಸೆಪ್ಟೆಂಬರ್ 23ರಂದು ಸೋಲಿಹ್ ಗೆದ್ದರು. ಮಾರನೇ ದಿನ ನಮ್ಮ ವಿದೇಶಾಂಗ ಸಚಿವಾಲಯ ಹೇಳಿಕೆ ಕೊಟ್ಟಾಗ ಅಲ್ಲಿನ ಚುನಾವಣಾ ಆಯೋಗ ಫಲಿತಾಂಶವನ್ನು ಅಧಿಕೃತವಾಗಿ ಇನ್ನೂ ದೃಢಪಡಿಸಿರಲಿಲ್ಲ. ಹೇಳಿಕೆಯಲ್ಲೇ ‘ಆರಂಭಿಕ ಮಾಹಿತಿ ಪ್ರಕಾರ’ ಗೆದ್ದಿದ್ದಾರೆ ಅನ್ನುವ ಮಾತಿತ್ತು. ಆಯೋಗ ಬೇಗ ಖಚಿತಪಡಿಸಲಿ ಅನ್ನುವ ಆಶಯವೂ ಇತ್ತು. ಇದು ಪ್ರಜಾಸತ್ತೆಯ ಪರ ಇರುವವರ ಗೆಲುವು ಅಂತಲೂ ಹೊಗಳಿತ್ತು. ಅಂದರೆ ಸಂತೋಷ ಹಂಚಿಕೊಳ್ಳುವುದರ ಜೊತೆಗೆ, ಸೋತ ಆಗಿನ ಅಧ್ಯಕ್ಷ ಅಬ್ದುಲ್ಲಾ ಯಾಮೀನ್ ಅವರಿಗೆ ‘ಇನ್ನು ಆಟ ಬೇಡ, ಕುರ್ಚಿ ಬಿಡಿ’ ಅನ್ನುವ ಸೂಚನೆಯೂ ಅದರಲ್ಲಿತ್ತು. ನಾನಂತೂ ಅದನ್ನು ಹಾಗೇ ಓದುತ್ತೇನೆ.

2023ರ ಸಂದೇಶದಲ್ಲಿ ಈ ಹುರುಪು ಇಲ್ಲ. ಗೆದ್ದವರಿಗೆ ಶುಭಾಶಯ, ಎರಡು ದೇಶಗಳ ಹಳೇ ಸಂಬಂಧ, ಹಿಂದೂ ಮಹಾಸಾಗರದಲ್ಲಿ ಸಹಕಾರ. ಅಷ್ಟೇ. ಪ್ರಜಾಸತ್ತೆಯ ಗೆಲುವು ಅನ್ನುವ ಮಾತು ಇಲ್ಲವೇ ಇಲ್ಲ. ಎರಡೂ ಮಾರನೇ ದಿನವೇ ಬಂದವು, ಎರಡಕ್ಕೂ ಅಭಿನಂದನೆ ಅಂತಲೇ ಹೆಸರು. ಆದರೆ ಪಕ್ಕಪಕ್ಕ ಇಟ್ಟು ಓದಿದರೆ ದೆಹಲಿಯ ಮುಖದಲ್ಲಿ ಯಾವಾಗ ನಗು ಇತ್ತು, ಯಾವಾಗ ಇರಲಿಲ್ಲ ಅಂತ ಗೊತ್ತಾಗುತ್ತೆ.

ಇನ್ನೂ ಸರಿಯಾಗಿ ಅಳೆಯಬೇಕು ಅಂದರೆ ಪ್ರಮಾಣವಚನಕ್ಕೆ ಯಾರು ವಿಮಾನ ಹತ್ತಿದರು ನೋಡಿ. 2018ರ ನವೆಂಬರ್ 17ರಂದು ಸೋಲಿಹ್ ಅವರ ಸಮಾರಂಭಕ್ಕೆ ಸ್ವತಃ ಮೋದಿ ಹೋಗಿದ್ದರು. ಐದು ವರ್ಷದ ನಂತರ ಅದೇ ತಾರೀಖಿಗೆ ಮುಯಿಝು ಪ್ರಮಾಣವಚನ ತೆಗೆದುಕೊಂಡಾಗ ಹೋಗಿದ್ದು ಆಗಿನ ಭೂವಿಜ್ಞಾನ ಸಚಿವ ಕಿರಣ್ ರಿಜಿಜು. ಅಸಮಾಧಾನವನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬರಲಿಲ್ಲ. ಮಾರನೇ ದಿನ ರಿಜಿಜು ಭೇಟಿಗೆ ಹೋದರೆ, ನಿಮ್ಮ ಸೈನಿಕರನ್ನು ವಾಪಸ್ ಕರೆಸಿಕೊಳ್ಳಿ ಅಂತ ಮುಯಿಝು ಅಧಿಕೃತವಾಗಿ ಕೇಳಿದರು.

ಯಾವ ಸೈನಿಕರು? ಇಲ್ಲಿ ನಮ್ಮ ಬೆಂಗಳೂರಿನ ಕಥೆ ಬರುತ್ತೆ. ಭಾರತ ಮಾಲ್ಡೀವ್ಸ್‌ಗೆ ಎರಡು ಧ್ರುವ್ ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನ ಕೊಟ್ಟಿತ್ತು. ಧ್ರುವ್ ಬೆಂಗಳೂರಿನ ಎಚ್‌ಎಎಲ್‌ನದ್ದು. ದೂರದ ದ್ವೀಪಗಳಲ್ಲಿ ಯಾರಿಗಾದರೂ ಹೆರಿಗೆ ಕಷ್ಟವಾದರೆ, ಹೃದಯಾಘಾತವಾದರೆ ಆಸ್ಪತ್ರೆಗೆ ಸಾಗಿಸುವುದಕ್ಕೆ ಇವು ಬಳಕೆಯಾಗುತ್ತಿದ್ದವು. ನಡೆಸುತ್ತಿದ್ದವರು ಮಾತ್ರ ನಮ್ಮ ಸೇನೆಯವರು. ಆ ಸಮವಸ್ತ್ರವೇ ಚುನಾವಣೆಯ ಮಾತಾಯಿತು.

ಕೊನೆಗೆ ಸಿಕ್ಕ ಪರಿಹಾರ ನೋಡಿ. 2024ರ ಮೇ 10ರ ಗಡುವಿನೊಳಗೆ ಸೈನಿಕರು ವಾಪಸ್ ಬಂದರು. ಹೆಲಿಕಾಪ್ಟರ್‌ಗಳು ಅಲ್ಲೇ ಉಳಿದವು. 76 ಸೈನಿಕರ ಜಾಗಕ್ಕೆ ಎಚ್‌ಎಎಲ್‌ನ ನಾಗರಿಕ ಸಿಬ್ಬಂದಿ ಬಂದರು ಅಂತ ಅಲ್ಲಿನ ವಿದೇಶಾಂಗ ಸಚಿವರೇ ಹೇಳಿದರು. ಮುಯಿಝು ಮಾತು ಉಳಿಸಿಕೊಂಡರು, ಭಾರತದ ಹೆಲಿಕಾಪ್ಟರ್ ಹಾರುತ್ತಲೇ ಇತ್ತು. ಇಂಥ ನಡುದಾರಿ ಸಿಗಬೇಕಾದರೆ ಇಬ್ಬರೂ ಮಾತಾಡುವ ಸ್ಥಿತಿಯಲ್ಲಿರಬೇಕು. ಫಲಿತಾಂಶದ ಮಾರನೇ ದಿನ ಮುಖ ತಿರುಗಿಸಿದ್ದರೆ ಕಷ್ಟವಾಗುತ್ತಿತ್ತು.

ಈ ನಡುವೆ ಮತ್ತು ಆಮೇಲೆ ಆಗಿದ್ದು ನಿಮಗೆ ಗೊತ್ತಿರಬಹುದು. 2024ರ ಜನವರಿಯಲ್ಲಿ ಮೋದಿ ಲಕ್ಷದ್ವೀಪಕ್ಕೆ ಹೋದಾಗ ಅಲ್ಲಿನ ಮೂವರು ಉಪ ಸಚಿವರು ಬಾಯಿಗೆ ಬಂದಂತೆ ಬರೆದು ಅಮಾನತಾದರು. ನಮ್ಮಲ್ಲಿ ಮಾಲ್ಡೀವ್ಸ್ ಪ್ರವಾಸ ಬಹಿಷ್ಕರಿಸಿ ಅನ್ನುವ ಗದ್ದಲವೆದ್ದಿತು. ಅದೇ ಮುಯಿಝು 2024ರ ಜೂನ್‌ನಲ್ಲಿ ಮೋದಿ ಅವರ ಪ್ರಮಾಣವಚನಕ್ಕೆ ದೆಹಲಿಗೆ ಬಂದರು. ಅಕ್ಟೋಬರ್‌ನಲ್ಲಿ ಮತ್ತೆ ಬಂದು, ಬೆಂಗಳೂರಿಗೂ ಭೇಟಿ ಕೊಟ್ಟರು. 40 ಕೋಟಿ ಡಾಲರ್ ಜೊತೆಗೆ 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯ ಒಪ್ಪಂದವಾಯಿತು. ಬೆಂಗಳೂರಿನಲ್ಲಿ ಮಾಲ್ಡೀವ್ಸ್ ಕಾನ್ಸುಲೇಟ್ ತೆರೆಯುವ ಮಾತೂ ಆಯಿತು. 2025ರ ಜುಲೈನಲ್ಲಿ ಅವರ 60ನೇ ಸ್ವಾತಂತ್ರ್ಯ ದಿನಕ್ಕೆ ಮೋದಿ ಅವರೇ ಅತಿಥಿ. ಖಜಾನೆ ಖಾಲಿಯಾಗುತ್ತಿದ್ದ ದೇಶಕ್ಕೆ ಘೋಷಣೆ ಹೊಟ್ಟೆ ತುಂಬಿಸುವುದಿಲ್ಲವಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. 2023ರ ಆ ಫಲಿತಾಂಶ ಬಂದಾಗ ನಮ್ಮ ಬಹಳಷ್ಟು ಚಾನೆಲ್‌ಗಳಿಗೆ ಕಂಡಿದ್ದು ಒಂದೇ: ಭಾರತ ಸೋತಿತು, ಚೀನಾ ಗೆದ್ದಿತು. ಹೊರಗಿನಿಂದ ನೋಡುವವರ ರೋಗವೇ ಇದು. ಎಲ್ಲದರಲ್ಲೂ ನಮ್ಮ ಮುಖವೇ ಕಾಣುತ್ತೆ. ಅಲ್ಲಿನ ಒಟ್ಟು ಮತದಾರರು 2.8 ಲಕ್ಷದ ಆಸುಪಾಸು, ಅಂದರೆ ನಮ್ಮ ಒಂದು ವಿಧಾನಸಭಾ ಕ್ಷೇತ್ರಕ್ಕಿಂತ ಸ್ವಲ್ಪ ಜಾಸ್ತಿ. ಗೆಲುವಿನ ಅಂತರ ಸುಮಾರು 19 ಸಾವಿರ. ಸೋಲಿಹ್ ಅವರ ಪಕ್ಷವನ್ನು ಮಾಜಿ ಅಧ್ಯಕ್ಷ ಮೊಹಮದ್ ನಶೀದ್ ಒಡೆದು ಹೊರಗೆ ಹೋಗಿದ್ದರು. ನಶೀದ್ ಬಣದ ಅಭ್ಯರ್ಥಿ ಮೊದಲ ಸುತ್ತಿನಲ್ಲಿ ಶೇ 7ರಷ್ಟು ಮತ ತೆಗೆದುಕೊಂಡರು. ಇತ್ತ ಮುಯಿಝು ಬಣದ ನಾಯಕ ಯಾಮೀನ್ ಜೈಲಿನಲ್ಲಿದ್ದ ಕಾರಣಕ್ಕೇ ಮುಯಿಝು ಕಣಕ್ಕಿಳಿದಿದ್ದು. ಇಷ್ಟೆಲ್ಲ ಒಳಜಗಳ ಇರುವಾಗ ಎಲ್ಲವನ್ನೂ ಬೀಜಿಂಗ್ ಲೆಕ್ಕಕ್ಕೆ ಬರೆಯುವುದು ಸೋಮಾರಿತನ.

ಶ್ರೀಲಂಕಾದಲ್ಲಿ ದೆಹಲಿ ಈ ವಿಷಯದಲ್ಲಿ ಇನ್ನೂ ಚುರುಕು. 2019ರಲ್ಲಿ ಗೋಟಬಯ ರಾಜಪಕ್ಸ ಪ್ರಮಾಣವಚನ ತೆಗೆದುಕೊಂಡ ಮಾರನೇ ದಿನವೇ ಜೈಶಂಕರ್ ಕೊಲಂಬೊದಲ್ಲಿದ್ದರು, ಕೈಯಲ್ಲಿ ದೆಹಲಿಗೆ ಆಹ್ವಾನ. 2024ರಲ್ಲಿ ಗೆದ್ದ ಅನುರ ಕುಮಾರ ದಿಸ್ಸನಾಯಕೆ ಅವರ ಪಕ್ಷ ಜೆವಿಪಿ, 1987ರ ಭಾರತ-ಶ್ರೀಲಂಕಾ ಒಪ್ಪಂದದ ವಿರುದ್ಧ ಬಂದೂಕು ಹಿಡಿದಿದ್ದ ಪಕ್ಷ. ಆದರೂ ಚುನಾವಣೆಗೆ ಏಳು ತಿಂಗಳು ಮೊದಲೇ ಭಾರತ ಅವರನ್ನು ಕರೆಸಿ ಮಾತಾಡಿಸಿತ್ತು. ಗೆದ್ದ ಮೇಲೆ ಅವರ ಮೊದಲ ವಿದೇಶ ಪ್ರವಾಸ ದೆಹಲಿಗೇ.

ಸರಿ, ಸುಮ್ನೆ ಇದ್ದರೆ? ಹಾಗೆ ಇದ್ದವರೂ ಇದ್ದಾರೆ. 2020ರಲ್ಲಿ ಜೋ ಬೈಡನ್ ಗೆದ್ದಾಗ ಪಕ್ಕದ ಮೆಕ್ಸಿಕೊದ ಅಧ್ಯಕ್ಷ ಲೋಪೆಸ್ ಒಬ್ರಡಾರ್ ಡಿಸೆಂಬರ್ ಮಧ್ಯದವರೆಗೆ ಶುಭಾಶಯ ಹೇಳಲಿಲ್ಲ. ಕಾನೂನು ತಕರಾರು ಮುಗಿಯಲಿ ಅಂದರು. ಆಕಾಶವೇನೂ ಬೀಳಲಿಲ್ಲ. ಆದರೆ ಆ ಮೌನಕ್ಕೆ ಟ್ರಂಪ್ ಪರ ಅನ್ನುವ ಅರ್ಥ ಅಂಟಿಕೊಂಡಿತು. ಎಲ್ಲರೂ ಮಾತಾಡುತ್ತಿರುವಾಗ ಸುಮ್ಮನಿರುವುದೂ ಒಂದು ಮಾತೇ. ನಾವೂ ಪಾಕಿಸ್ತಾನಕ್ಕೆ ಇದನ್ನೇ ಮಾಡಿದ್ದೇವೆ: 2024ರ ಫೆಬ್ರುವರಿಯಲ್ಲಿ ಅಲ್ಲಿ ಚುನಾವಣೆ ನಡೆಯಿತು, ಶೆಹಬಾಜ್ ಷರೀಫ್ ಪ್ರಧಾನಿಯಾದ ಮೇಲೆ ಮಾರ್ಚ್‌ನಲ್ಲಿ ಮೋದಿ ಅವರಿಂದ ಒಂದು ಸಾಲು ಹೋಯಿತು. ಸಂಬಂಧ ಎಷ್ಟಿತ್ತೋ ಸಾಲೂ ಅಷ್ಟೇ ಉದ್ದ.

ಬೇಗ ಹೇಳುವುದರಲ್ಲಿ ನಷ್ಟವೇ ಇಲ್ಲ ಅಂತಲ್ಲ. ಬಾಂಗ್ಲಾದೇಶದಲ್ಲಿ 2024ರ ಜನವರಿ 7ರಂದು ಚುನಾವಣೆ ನಡೆಯಿತು. ಮುಖ್ಯ ವಿರೋಧ ಪಕ್ಷ ಬಿಎನ್‌ಪಿ ಬಹಿಷ್ಕರಿಸಿತ್ತು. ಅದು ಮುಕ್ತ, ನ್ಯಾಯಸಮ್ಮತ ಚುನಾವಣೆಯಲ್ಲ ಅಂತ ಅಮೆರಿಕ ಹೇಳಿತು. ಆದರೂ ಭಾರತ ಗೆದ್ದ ಶೇಖ್ ಹಸೀನಾ ಅವರಿಗೆ ಮನಸಾರೆ ಅಭಿನಂದನೆ ಹೇಳಿತು. ಚೀನಾ, ರಷ್ಯಾ ಕೂಡ ಹೇಳಿದವು. ಆದರೆ ಹಸೀನಾ ಅವರ ಬೆನ್ನಿಗೆ ನಿಂತವರು ಅಂತ ಢಾಕಾದ ಬೀದಿಯಲ್ಲಿ ಸಿಟ್ಟು ತಿರುಗಿದ್ದು ನಮ್ಮ ಮೇಲೆ. ಆಗಸ್ಟ್ 5ರಂದು ಅವರು ದೇಶ ಬಿಟ್ಟು ಬಂದಿದ್ದೂ ಭಾರತಕ್ಕೇ. ಅಭಿನಂದನೆ ಕುರ್ಚಿಗೆ ಅಂತ ದೆಹಲಿ ಎಷ್ಟೇ ಹೇಳಲಿ, ಹದಿನೈದು ವರ್ಷ ಒಬ್ಬರೇ ಕೂತಿದ್ದ ಕುರ್ಚಿ ಅದು. ಅಲ್ಲಿನ ಜನ ಎರಡನ್ನೂ ಬೇರೆ ಮಾಡಿ ನೋಡಲಿಲ್ಲ.