ಸೋಂಕಿನ ಅಂಕಿಯನ್ನು ಕ್ಯಾನ್ಸರ್ ಅಂಕಿ ಎಂದು ಓದಬೇಡಿ

ಒಂದು ತಾಲ್ಲೂಕಿನ ನೂರು ಹೆಂಗಸರಲ್ಲಿ ಹತ್ತು ಮಂದಿಗೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಸೋಂಕು ಇದೆ ಎಂದ ಕೂಡಲೇ ಹತ್ತು ಮಂದಿಗೂ ಗರ್ಭಕಂಠದ ಕ್ಯಾನ್ಸರ್ ಬಂದೇಬಿಡುತ್ತದೆ ಎಂದು ಜನ ಹೆದರುತ್ತಾರೆ. ಹಾಗಲ್ಲ. ಬಹುಪಾಲು ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಭಯಪಡಬೇಕಾದದ್ದು ವರ್ಷಗಟ್ಟಲೆ ಉಳಿದುಕೊಳ್ಳುವ ಸೋಂಕಿಗೆ, ಅದರಲ್ಲೂ 16 ಮತ್ತು 18ನೇ ಬಗೆಯ ವೈರಸ್ಸಿಗೆ. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು.

ಈ ‘ನೂರಕ್ಕೆ ಹತ್ತು’ ಎಂಬ ಅಂಕಿ ಹೇಗೆ ಬಂತು ಎಂಬುದನ್ನು ಮೊದಲು ಕೇಳಬೇಕು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಎಣಿಸಿದ್ದಾದರೆ ಅದು ತಾಲ್ಲೂಕಿನ ಅಂಕಿಯಲ್ಲ. ಬಿಳಿಸೆರಗು, ರಕ್ತಸ್ರಾವ ಎಂದು ಬಂದವರೇ ಅಲ್ಲಿ ಹೆಚ್ಚು. ಸಮೀಕ್ಷೆಗೆ ಹಳ್ಳಿಗಳನ್ನು, ಆಮೇಲೆ ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಬೇಕು. ಸೋಂಕು ಶೇ 10ರ ಆಸುಪಾಸು ಇರಬಹುದೆಂದು ಊಹಿಸಿ, ಎರಡು ಶೇಕಡಾ ಅಂಶ ಆಚೀಚೆಯಷ್ಟೇ (ಶೇ 8ರಿಂದ 12) ತಪ್ಪಿರಲಿ ಎಂದುಕೊಂಡರೆ 864 ಮಂದಿ ಬೇಕು. ಒಂದೇ ಹಳ್ಳಿಯವರು ಪರಸ್ಪರ ಹೋಲುವುದರಿಂದ ಅದನ್ನು ಒಂದೂವರೆ ಪಟ್ಟು ಮಾಡಿದರೆ 1,296. ನೂರಕ್ಕೆ 15 ಮಂದಿ ಒಪ್ಪದಿದ್ದರೂ ನಡೆಯಬೇಕೆಂದರೆ ಸುಮಾರು 1,525 ಹೆಸರಿನ ಪಟ್ಟಿ ಕೈಯಲ್ಲಿರಬೇಕು.

ಲ್ಯಾಬಿನಲ್ಲಿ ಹೆಚ್ಚಾಗಿ ಕಾಣುವ ತಪ್ಪು ಒಂದಿದೆ. ಗರ್ಭಕಂಠದಿಂದ ಮಾದರಿ ತೆಗೆಯುವ ಬ್ರಷ್ಷಿನಲ್ಲಿ ಜೀವಕೋಶಗಳು ಸಾಕಷ್ಟು ಬಂದಿರದಿದ್ದರೆ ವೈರಸ್ ಸಿಗುವುದಿಲ್ಲ, ಅಂಥ ಮಾದರಿ ‘ನೆಗೆಟಿವ್’ ಸಾಲಿಗೆ ಸೇರಿಬಿಡುತ್ತದೆ. ಮನುಷ್ಯನದೇ ಆದ ಬೀಟಾ-ಗ್ಲೋಬಿನ್ ಜೀನ್ ಮಾದರಿಯಲ್ಲಿ ಸಿಕ್ಕಿತೇ ಎಂದು ನೋಡುವುದು ಅದಕ್ಕೇ. ಸಿಗದಿದ್ದರೆ ಆ ಮಾದರಿಯನ್ನು ಲೆಕ್ಕದಿಂದಲೇ ತೆಗೆದು, ಸಾಧ್ಯವಾದರೆ ಮತ್ತೊಮ್ಮೆ ಮಾದರಿ ಪಡೆಯಬೇಕು.

ಪರೀಕ್ಷೆಯ ಸ್ವಂತ ದೋಷವನ್ನೂ ಕಳೆಯಬೇಕು. ಸೋಂಕಿತರಲ್ಲಿ ಶೇ 90ರಷ್ಟನ್ನು ಹಿಡಿಯುವ, ಸೋಂಕಿಲ್ಲದವರಲ್ಲಿ ಶೇ 95ರಷ್ಟನ್ನು ಸರಿಯಾಗಿ ಬಿಡುವ ಪರೀಕ್ಷೆಯಲ್ಲಿ ಶೇ 10 ಪಾಸಿಟಿವ್ ಬಂದರೆ, ನಿಜವಾದ ಸೋಂಕು ಶೇ 5.9 ಮಾತ್ರ. ಸೋಂಕು ಕಡಿಮೆ ಇರುವ ಕಡೆ ಸುಳ್ಳು ಪಾಸಿಟಿವ್‌ಗಳೇ ಅಂಕಿಯನ್ನು ಉಬ್ಬಿಸುತ್ತವೆ.

ಒಟ್ಟು ಅಂಕಿಗಿಂತ ವಯಸ್ಸುವಾರು ಅಂಕಿಯೇ ನನಗೆ ಹೆಚ್ಚು ಮುಖ್ಯ. ಹಲವು ಶ್ರೀಮಂತ ದೇಶಗಳಲ್ಲಿ ಸೋಂಕು ಹರೆಯದಲ್ಲಿ ಏರಿ ಆಮೇಲೆ ಇಳಿಯುತ್ತದೆ. ತಮಿಳುನಾಡಿನ ದಿಂಡಿಗಲ್ ಗ್ರಾಮಾಂತರದ 1,891 ಹೆಂಗಸರ ಸಮೀಕ್ಷೆಯಲ್ಲಿ (2005ರಲ್ಲಿ ಪ್ರಕಟ) ಶೇ 16.9 ಮಂದಿಗೆ ಸೋಂಕಿತ್ತು, ವಯಸ್ಸಾದಂತೆ ಅದು ಸ್ಪಷ್ಟವಾಗಿ ಇಳಿಯಲೇ ಇಲ್ಲ. ನಡುವಯಸ್ಸು ದಾಟಿದವರನ್ನು ತಪಾಸಣೆಯಿಂದ ಕೈಬಿಡಬಾರದೆನ್ನಲು ಇದೇ ಕಾರಣ ಸಾಕು.

ಇನ್ನು ಕ್ಯಾನ್ಸರ್ ಎಣಿಕೆ. ಬೆಂಗಳೂರಿನ ಜನಸಂಖ್ಯಾಧಾರಿತ ನೋಂದಣಿ, ಅಂದರೆ ಊರಿನ ನಿವಾಸಿಗಳಲ್ಲಿ ಕಂಡ ಕ್ಯಾನ್ಸರ್‌ಗಳ ದಾಖಲೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ನಡೆದಿದೆ. ಚಿಕಿತ್ಸೆಗೆಂದು ಕಲಬುರಗಿಯಿಂದಲೋ ಅನಂತಪುರದಿಂದಲೋ ಬಂದವರನ್ನು ಅದರಲ್ಲಿ ಸೇರಿಸುವಂತಿಲ್ಲ. ಕನಿಷ್ಠ ಒಂದು ವರ್ಷ ಊರಲ್ಲಿ ನೆಲೆಸಿದವರನ್ನಷ್ಟೇ ಎಣಿಸುತ್ತಾರೆ. ಇಲ್ಲಿ ಇಂದು ದಾಖಲಾಗುವ ಗರ್ಭಕಂಠದ ಕ್ಯಾನ್ಸರ್ ದಶಕಗಳ ಹಿಂದಿನ ಸೋಂಕಿನ ಫಲ. ಅದನ್ನು ಈ ವರ್ಷದ ಸೋಂಕಿನ ಸಮೀಕ್ಷೆಯ ಪಕ್ಕ ಇಟ್ಟು ಕಾರಣ-ಪರಿಣಾಮ ಎಂದು ಓದಿದರೆ ದಾರಿ ತಪ್ಪುತ್ತದೆ.

ಹಾಗಾದರೆ ಸಮೀಕ್ಷೆ ಯಾತಕ್ಕೆ? ತಪಾಸಣೆಯ ಹೊರೆ ಅಳೆಯಲು. ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ 30–59 ವಯಸ್ಸಿನವರಿಗೆ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ್ದರಿಂದ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತೆಂದು 2009ರಲ್ಲಿ ವರದಿಯಾಯಿತು. ಆದರೆ ಪಾಸಿಟಿವ್ ಬಂದವರು ಚಿಕಿತ್ಸೆಯವರೆಗೆ ತಲುಪಬೇಕು. ಸಾವಿರ ಮಂದಿಗೆ ಪರೀಕ್ಷೆ ಮಾಡಿ ನೂರು ಪಾಸಿಟಿವ್ ಬರುವ ತಾಲ್ಲೂಕಿನಲ್ಲಿ ಆ ನೂರು ಮಂದಿಗೆ ಕಾಲ್ಪೋಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ಮಾಡುವ ಪರೀಕ್ಷೆ) ಯಾವ ದಿನ, ಯಾವ ಆಸ್ಪತ್ರೆಯಲ್ಲಿ, ಮನೆಗೆ ಹೋಗಿ ಕರೆತರುವ ಆಶಾ ಕಾರ್ಯಕರ್ತೆ ಯಾರು ಎಂಬುದು ಮೊದಲ ಮಾದರಿ ತೆಗೆಯುವ ಮುಂಚೆಯೇ ಬರೆದಿಟ್ಟಿರಬೇಕು.